ಗ್ರಂಥಪಾಲಕರು ಮರಳಿ ವಿದ್ಯಾರ್ಥಿಗಳಾದಾಗ

ಗ್ರಂಥಾಲಯವೆಂದೊಡನೆ ನಮ್ಮೆಲ್ಲರ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ. ಸಾಲುಸಾಲಾಗಿ ನಿಂತ ಕಪಾಟುಗಳು, ದಿನಪತ್ರಿಕೆಗಳನ್ನು ಹರಡಿದ ಉದ್ದನೆಯ ಮೇಜು, ಬಾಗಿಲ ಬಳಿ ದಾಖಲೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತ ಗ್ರಂಥಪಾಲಕರು. ಕೇಳಿದ ಪುಸ್ತಕವನ್ನು ಹುಡುಕಿ ಕೊಡುವುದು, ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವುದು, ಹಿಂದಿರುಗಿ ಬಂದುದನ್ನು ಅದರ ಸ್ಥಾನದಲ್ಲಿರಿಸುವುದು, ಇಷ್ಟೇ ಅವರ ಕಾಯಕವೆಂದು ನಾವು ತಿಳಿದುಬಿಟ್ಟಿದ್ದೇವೆ.

ಈಗ ಕಾಲ ಬದಲಾಗಿದೆ. ಕೈಯಲ್ಲಿರುವ ಫೋನಿನಲ್ಲಿ ಒಂದು ಹೆಸರನ್ನು ಬರೆದರೆ ಕ್ಷಣಾರ್ಧದಲ್ಲಿ ನೂರು ಉತ್ತರಗಳು ಎದುರಿಗೆ ಬಂದು ನಿಲ್ಲುತ್ತವೆ. ಹೀಗಿರುವಾಗ ಗ್ರಂಥಪಾಲಕರ ಅಗತ್ಯವಾದರೂ ಏನು ಎಂಬ ಪ್ರಶ್ನೆ ವಿದ್ಯಾವಂತರ ಮನೆಗಳಲ್ಲಿಯೇ ಕೇಳಿಬರುತ್ತಿದೆ. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಒಂದು ವೃತ್ತಿಯ ಮಾನವಿದೆ, ಸಾರ್ವಜನಿಕರ ಹಣದಿಂದ ನಡೆಯುವ ಒಂದು ಸಂಸ್ಥೆಯ ಅಳಿವು ಉಳಿವಿದೆ. ಈ ಪ್ರಶ್ನೆಗೆ ಮಾತಿನಿಂದಲ್ಲದೆ ಕೃತಿಯಿಂದ ಉತ್ತರ ಕೊಟ್ಟ ಒಂದು ಗ್ರಂಥಾಲಯದ ವೃತ್ತಾಂತವನ್ನು ಈ ತಿಂಗಳು ವಾಚಕ ಬಾಂಧವರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಷಾರ್ಲಟ್ ಎಂಬ ನಗರವಿದೆ. ಆ ನಗರಕ್ಕೂ ಅದಿರುವ ಮೆಕ್ಲೆನ್‌ಬರ್ಗ್ ಕೌಂಟಿಗೂ ಸೇರಿದ ಸಾರ್ವಜನಿಕ ಗ್ರಂಥಾಲಯವು ಹಲವು ಶಾಖೆಗಳ ಮೂಲಕ ಜನರ ಸೇವೆ ಮಾಡುತ್ತ ಬಂದಿದೆ. 2006ರ ಹೊತ್ತಿಗೆ ಆ ದೇಶದಲ್ಲಿ ಅಂತರಜಾಲದ ಸ್ವರೂಪವೇ ಮಾರ್ಪಡುತ್ತಿತ್ತು. ಅದುವರೆಗೆ ಜಾಲವು ಹೆಚ್ಚಿನವರಿಗೆ ಓದುವ ಫಲಕವಾಗಿತ್ತು; ಯಾರೋ ಬರೆದು ತೂಗುಹಾಕಿದ್ದನ್ನು ಉಳಿದವರು ನೋಡಬೇಕಾಗಿತ್ತು. ಈಗ ಓದುವವರೇ ಬರೆಯುವವರೂ ಆಗತೊಡಗಿದರು. ಎಲ್ಲರೂ ಕೂಡಿ ಬರೆಯುವ ವಿಶ್ವಕೋಶವಾದ ವಿಕಿಪೀಡಿಯ 2001ರಲ್ಲಿ, ಭಾವಚಿತ್ರಗಳನ್ನು ಹಂಚಿಕೊಳ್ಳುವ ಫ್ಲಿಕರ್ 2004ರಲ್ಲಿ, ಚಲನದೃಶ್ಯಗಳ ಯೂಟ್ಯೂಬ್ 2005ರಲ್ಲಿ ಕಾಣಿಸಿಕೊಂಡವು. ಈ ಹೊಸ ಬಗೆಯ ಜಾಲಕ್ಕೆ ‘ವೆಬ್ 2.0’ ಎಂಬ ಹೆಸರು ಬಿತ್ತು. ಓದುಗರನ್ನೂ ಜೊತೆಗೂಡಿಸಿಕೊಂಡು ನಡೆಯುವ ಗ್ರಂಥಾಲಯಕ್ಕೆ ‘ಲೈಬ್ರರಿ 2.0’ ಎಂಬ ಹೆಸರನ್ನು ಮೈಕೆಲ್ ಕೇಸಿ ಎಂಬ ಗ್ರಂಥಪಾಲಕರು 2005ರಲ್ಲಿ ಚಲಾವಣೆಗೆ ತಂದರು.

ಹೆಸರು ಇಡುವುದು ಸುಲಭ, ಅದಕ್ಕೆ ತಕ್ಕಂತೆ ನಡೆಯುವುದು ಕಷ್ಟ. ಗ್ರಂಥಾಲಯಕ್ಕೆ ಬರುವ ಹದಿನೈದು ವರ್ಷದ ಬಾಲಕನಿಗೆ ಬೆರಳ ತುದಿಯಲ್ಲಿರುವ ಸಾಧನವು, ಅವನಿಗೆ ದಾರಿ ತೋರಬೇಕಾದ ಗ್ರಂಥಪಾಲಕರಿಗೆ ಅಪರಿಚಿತವಾಗಿದ್ದರೆ ಗತಿಯೇನು? ಇಪ್ಪತ್ತು ಮೂವತ್ತು ವರ್ಷಗಳಿಂದ ಒಂದೇ ರೀತಿಯ ಕೆಲಸದಲ್ಲಿ ನುರಿತವರಿಗೆ ಹೊಸತನ್ನು ಕಲಿಸುವವರು ಯಾರು? ತರಗತಿಗಳನ್ನು ನಡೆಸಬೇಕೆಂದರೆ ಶಾಖೆಗಳನ್ನು ಮುಚ್ಚಬೇಕು, ಬೋಧಕರನ್ನು ಕರೆಸಬೇಕು, ಹಣ ವ್ಯಯವಾಗಬೇಕು. ಅಷ್ಟೆಲ್ಲ ಮಾಡಿದರೂ ತರಗತಿಯಲ್ಲಿ ಕೇಳಿದ್ದು ಕೈಗೆ ಹತ್ತುವುದೆಂಬ ಭರವಸೆಯಿಲ್ಲ.

ಆ ಗ್ರಂಥಾಲಯದಲ್ಲಿ ತಂತ್ರಜ್ಞಾನದ ಹೊಣೆ ಹೊತ್ತಿದ್ದ ಹೆಲೀನ್ ಬ್ಲೋವರ್ಸ್ ಎಂಬ ಮಹಿಳೆ ಇದಕ್ಕೊಂದು ಸರಳವಾದ ಉಪಾಯವನ್ನು ಕಂಡುಕೊಂಡರು. ಸ್ಟೀಫನ್ ಏಬ್ರಮ್ ಎಂಬ ಗ್ರಂಥಾಲಯ ತಜ್ಞರು ಆ ವರ್ಷದಲ್ಲಿ ಮಾಡಿನೋಡಬಹುದಾದ 43 ಸಂಗತಿಗಳನ್ನು ಕುರಿತು ಬರೆದಿದ್ದ ಲೇಖನವು ಅವರಿಗೆ ಪ್ರೇರಣೆಯಾಯಿತು. ಅವರು 23 ಚಿಕ್ಕ ಚಿಕ್ಕ ಕೆಲಸಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ, 9 ವಾರಗಳಲ್ಲಿ ಅವುಗಳನ್ನು ಮಾಡಿ ಮುಗಿಸಬೇಕೆಂದು ಸಿಬ್ಬಂದಿಯನ್ನು ಆಹ್ವಾನಿಸಿದರು. 2006ರ ಆಗಸ್ಟ್ ತಿಂಗಳಿನಲ್ಲಿ ಈ ಯೋಜನೆ ಆರಂಭವಾಯಿತು. ‘23 ಸಂಗತಿಗಳು’ ಎಂಬ ಹೆಸರಿನಲ್ಲಿಯೇ ಅದು ಮುಂದೆ ಪ್ರಸಿದ್ಧವಾಯಿತು.

ಪಟ್ಟಿಯಲ್ಲಿ ಇದ್ದುದಾದರೂ ಏನು? ತನ್ನದೇ ಆದ ಒಂದು ಜಾಲದಿನಚರಿಯನ್ನು ತೆರೆದು, ಕಲಿತುದನ್ನು ಅದರಲ್ಲಿ ಬರೆಯುತ್ತ ಹೋಗುವುದು. ಫ್ಲಿಕರಿನಲ್ಲಿ ಚಿತ್ರಗಳನ್ನು ನೋಡುವುದು, ತನ್ನದನ್ನೂ ಸೇರಿಸುವುದು. ಹತ್ತಾರು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆಗೆ ತರಿಸಿಕೊಂಡು ಓದುವ ಏರ್ಪಾಡನ್ನು ಮಾಡಿಕೊಳ್ಳುವುದು. ಮೆಚ್ಚಿದ ಪುಟಗಳಿಗೆ ಗುರುತುಪದಗಳನ್ನು ಅಂಟಿಸಿ ಇತರರಿಗೂ ಕಾಣುವಂತೆ ಇಡುವುದು. ತನ್ನ ಪುಸ್ತಕಗಳ ಪಟ್ಟಿಯನ್ನು ‘ಲೈಬ್ರರಿ ಥಿಂಗ್’ ಎಂಬ ತಾಣದಲ್ಲಿ ತಯಾರಿಸುವುದು. ವಿಕಿ ಪುಟವೊಂದರಲ್ಲಿ ಎರಡು ಸಾಲು ಸೇರಿಸುವುದು. ಧ್ವನಿಮುದ್ರಿಕೆಗಳನ್ನು ಹುಡುಕಿ ಕೇಳುವುದು. ಇಪ್ಪತ್ತಮೂರನೆಯದು, ಕಲಿತದ್ದೆಲ್ಲವನ್ನೂ ಒಮ್ಮೆ ಹಿಂದಿರುಗಿ ನೋಡಿ ಅದರ ಬಗ್ಗೆ ಬರೆಯುವುದು. ಒಂದೊಂದೂ ಬಿಡುವಿನ ಹೊತ್ತಿನಲ್ಲಿ ಮಾಡಿನೋಡಬಹುದಾದ ಕೆಲಸ.

ಈ ಯೋಜನೆಯಲ್ಲಿ ತರಗತಿಯಿರಲಿಲ್ಲ, ಬೋಧಕರಿರಲಿಲ್ಲ. ತಮ್ಮ ಕಲಿಕೆಗೆ ತಾವೇ ಹೊಣೆಯೆಂಬುದು ಮೊದಲಿನ ನಿಯಮ. ತೊಡಕು ಬಂದರೆ ಪಕ್ಕದ ಮೇಜಿನವರನ್ನು ಕೇಳಬೇಕು, ತಿಳಿದವರು ತಿಳಿಯದವರಿಗೆ ಹೇಳಿಕೊಡಬೇಕು. ಜೀವನಪರ್ಯಂತ ಕಲಿಯುವವರಿಗೆ ಬೇಕಾದ ಏಳೂವರೆ ಅಭ್ಯಾಸಗಳನ್ನು ಕುರಿತ ಪಾಠವೊಂದು ಆರಂಭದಲ್ಲಿಯೇ ಇತ್ತು. ಇತರರಿಗೆ ಕಲಿಸುವುದು ಏಳನೆಯ ಅಭ್ಯಾಸ. ಉಳಿದ ಅರ್ಧ ಯಾವುದು ಗೊತ್ತೇ? ಆಟ. ಹೊಸ ವಸ್ತುವನ್ನು ಕಂಡ ಮಗು ಅದನ್ನು ತಿರುಗಿಸಿ, ಒತ್ತಿ, ಬೀಳಿಸಿ ನೋಡುತ್ತದೆ, ತಪ್ಪಾದೀತೆಂದು ಹಿಂಜರಿಯುವುದಿಲ್ಲ. ದೊಡ್ಡವರಾದ ಮೇಲೆ ನಾವು ಕಳೆದುಕೊಳ್ಳುವುದು ಆ ನಿರ್ಭೀತಿಯನ್ನೇ. ಬುದ್ಧಿ ಸಾಲದೆ ಕಲಿಯದವರು ಕಡಿಮೆ. ಕಿರಿಯರ ಮುಂದೆ ತಡವರಿಸಬೇಕಾದೀತೆಂಬ ಸಂಕೋಚದಿಂದ ಕಲಿಯದವರೇ ಹೆಚ್ಚು. ಆಟವನ್ನು ಅಭ್ಯಾಸಗಳ ಪಟ್ಟಿಗೆ ಸೇರಿಸಿದವರು ಮನುಷ್ಯ ಸ್ವಭಾವವನ್ನು ಚೆನ್ನಾಗಿ ಬಲ್ಲವರೆಂದೇ ಹೇಳಬೇಕು.

ಅವಧಿಯೊಳಗೆ 23ನ್ನೂ ಮುಗಿಸಿದವರಿಗೆ ಹಾಡು ಕೇಳುವ ಪುಟ್ಟ ಎಂಪಿ3 ಯಂತ್ರವೊಂದನ್ನು ಬಹುಮಾನವಾಗಿ ಇಟ್ಟಿದ್ದರು. ಅಂಥವರ ಹೆಸರುಗಳಲ್ಲಿ ಚೀಟಿ ಎತ್ತಿ ಲ್ಯಾಪ್‌ಟಾಪ್ ಗಣಕಯಂತ್ರವನ್ನು ಕೊಡುವ ಏರ್ಪಾಡೂ ಇತ್ತು. ಇದು ಪ್ರಲೋಭನೆಯಲ್ಲವೇ ಎಂದು ಕೆಲವರು ಕೇಳಬಹುದು. ಧ್ವನಿಮುದ್ರಿಕೆಗಳನ್ನು ಕುರಿತು ಕಲಿಯುವವರ ಕೈಗೆ ಅವುಗಳನ್ನು ಕೇಳುವ ಯಂತ್ರವನ್ನೇ ಕೊಟ್ಟಿದ್ದರಿಂದ ಬಹುಮಾನವೂ ಪಾಠದ ಒಂದು ಭಾಗವಾಯಿತೆಂಬುದು ನಮ್ಮ ಅಭಿಪ್ರಾಯ.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಊರಿನ ಒಂದು ಕಚೇರಿಯ ಸಮಾಚಾರವಾಗಿ ಮುಗಿಯುತ್ತಿತ್ತು. ಆದರೆ ಬ್ಲೋವರ್ಸ್ ಅವರು ತಮ್ಮ ಪಾಠಕ್ರಮವನ್ನು ಬೀಗ ಹಾಕಿ ಇಡಲಿಲ್ಲ. ಮೂಲವನ್ನು ಸ್ಮರಿಸಿ ಇತರ ಗ್ರಂಥಾಲಯಗಳೂ ಬಳಸಿಕೊಳ್ಳಲು, ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಅವಕಾಶ ಕೊಡುವ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಅದನ್ನು ಮುಕ್ತವಾಗಿ ಬಿಟ್ಟುಕೊಟ್ಟರು. ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿಯ ಯಾರಾ ಪ್ಲೆಂಟಿ ಪ್ರಾದೇಶಿಕ ಗ್ರಂಥಾಲಯವು ಅದನ್ನು ಮೊದಲಿಗೆ ಕೈಗೆತ್ತಿಕೊಂಡವುಗಳಲ್ಲಿ ಒಂದು. ಮುಂದಿನ ವರ್ಷಗಳಲ್ಲಿ ಹಲವು ದೇಶಗಳ ನೂರಾರು ಗ್ರಂಥಾಲಯಗಳು ಅದನ್ನು ತಮ್ಮದಾಗಿಸಿಕೊಂಡವು. ಒಳ್ಳೆಯ ತಳಿಯ ಬೀಜವನ್ನು ನೆರೆಯವರಿಗೂ ಕೊಟ್ಟ ರೈತನ ಹೊಲವೇನೂ ಬರಿದಾಗುವುದಿಲ್ಲ. ಕೊಟ್ಟಷ್ಟೂ ಹೆಚ್ಚುವ ಧನ ವಿದ್ಯೆಯೊಂದೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದುದನ್ನು ಷಾರ್ಲಟ್ಟಿನ ಗ್ರಂಥಾಲಯವು ಆಚರಿಸಿ ತೋರಿಸಿತು.

ಹಂಚಿಕೊಂಡರೆ ಜ್ಞಾನವು ಬೆಳೆಯುವುದೆಂಬುದಕ್ಕೆ ಅದೇ ದೇಶದ ಇನ್ನೊಂದು ನಿದರ್ಶನವನ್ನೂ ಇಲ್ಲಿ ಸ್ಮರಿಸಬೇಕು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಒಂದು. 2008ರ ಜನವರಿಯಲ್ಲಿ ಅದು ತನ್ನ ಭಂಡಾರದಿಂದ ಮೂರು ಸಾವಿರಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಫ್ಲಿಕರಿನಲ್ಲಿ ಇರಿಸಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ನ್ಯೂಯಾರ್ಕಿನ ಬೇನ್ ಎಂಬ ಸುದ್ದಿ ಸಂಸ್ಥೆಯವರು ಒಂದು ಶತಮಾನದ ಹಿಂದೆ ತೆಗೆದವು. ಗಾಜಿನ ಫಲಕದ ಮೇಲೆ ಅವಸರದಲ್ಲಿ ಗೀಚಿದ ಒಂದು ಅಡ್ಡಹೆಸರು, ಒಂದು ಊರು, ಹಲವಕ್ಕೆ ಅಷ್ಟೇ ಗುರುತು. ಚಿತ್ರದಲ್ಲಿ ನಿಂತವರು ಯಾರು, ಸಂದರ್ಭವೇನು ಎಂಬುದು ಪಂಡಿತರಿಗೂ ತಿಳಿದಿರಲಿಲ್ಲ.

ಸಾಮಾನ್ಯ ಜನರು ಆ ಚಿತ್ರಗಳನ್ನು ನೋಡಿ ತಮಗೆ ತಿಳಿದುದನ್ನು ಬರೆಯತೊಡಗಿದರು. ಇದು ಇಂಥ ಬೀದಿ, ಇವರು ಇಂಥ ಆಟಗಾರರು, ಆ ದಿನದ ವೃತ್ತಪತ್ರಿಕೆಯಲ್ಲಿ ಈ ಸುದ್ದಿ ಅಚ್ಚಾಗಿದೆ ಎಂದು ಆಧಾರಸಹಿತ ತಿಳಿಸಿದವರೂ ಇದ್ದರು. ಅದೇ ವರ್ಷ ಗ್ರಂಥಾಲಯವು ಪ್ರಕಟಿಸಿದ ವರದಿಯ ಪ್ರಕಾರ 500ಕ್ಕೂ ಹೆಚ್ಚು ಚಿತ್ರಗಳ ಸೂಚಿಯನ್ನು ಹೀಗೆ ಬಂದ ಮಾಹಿತಿಯಿಂದ ಉತ್ತಮಪಡಿಸಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಂದ ಮಾತನ್ನೆಲ್ಲ ಗ್ರಂಥಪಾಲಕರು ಕಣ್ಣು ಮುಚ್ಚಿ ಸ್ವೀಕರಿಸಲಿಲ್ಲ. ಪರಿಶೀಲಿಸಿ, ಸರಿಯೆಂದು ಕಂಡ ಮೇಲೆಯೇ ಸೂಚಿಯಲ್ಲಿ ಸೇರಿಸಿದರು. ಮಾಹಿತಿಯು ಎಲ್ಲಿಂದ ಬಂತೆಂಬುದನ್ನೂ ಅಲ್ಲಿಯೇ ನಮೂದಿಸಿದರು. ಜನರ ನೆನಪು ಮತ್ತು ಗ್ರಂಥಪಾಲಕರ ವಿವೇಕ ಎರಡೂ ಕೂಡಿದಾಗ ಹೆಸರಿಲ್ಲದ ಮುಖಗಳಿಗೆ ಹೆಸರು ದೊರೆಯಿತು.

ಇದುವರೆಗೆ ಹೇಳಿದ್ದು ಬೆಳಕಿನ ಮಾತು. ನಾಣ್ಯದ ಇನ್ನೊಂದು ಮುಖವನ್ನೂ ನೋಡದಿದ್ದರೆ ವಿಷಯಕ್ಕೆ ನ್ಯಾಯ ದೊರೆಯದು. ಆ ಕಾಲದ ಸಾಧನಗಳ ಗತಿ ಏನಾಯಿತು? ಬಹು ಜನ ತಮ್ಮ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ‘ಜಿಯೋಸಿಟೀಸ್’ ತಾಣವು ಅಮೆರಿಕದಲ್ಲಿ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಹಲವು ತಾಣಗಳ ಬರಹಗಳನ್ನು ಒಂದೆಡೆ ತಂದು ಓದಿಸುವುದರಲ್ಲಿ ಹೆಸರಾಗಿದ್ದ ‘ಗೂಗಲ್ ರೀಡರ್’ 2013ರ ಜುಲೈ 1ರಂದು ನಿಂತುಹೋಯಿತು. ಗುರುತುಪದಗಳ ಪಾಠಕ್ಕೆ ಆಧಾರವಾಗಿದ್ದ ‘ಡೆಲಿಷಸ್’ ಒಡೆಯರಿಂದ ಒಡೆಯರಿಗೆ ಮಾರಾಟವಾಗುತ್ತ ಹೋಗಿ 2017ರಲ್ಲಿ ಹೊಸದೇನನ್ನೂ ಸೇರಿಸಲಾಗದ ಸ್ಥಿತಿಗೆ ಬಂತು. ಫ್ಲಿಕರ್ ಸಂಸ್ಥೆಯು 2018ರ ನವೆಂಬರಿನಲ್ಲಿ, ಹಣ ತೆರದವರು ಒಂದು ಸಾವಿರಕ್ಕಿಂತ ಹೆಚ್ಚು ಚಿತ್ರಗಳನ್ನು ಇಟ್ಟಿದ್ದರೆ ಹೆಚ್ಚಿನವನ್ನು ಅಳಿಸಲಾಗುವುದೆಂದು ಪ್ರಕಟಿಸಿತು. ಗ್ರಂಥಾಲಯಗಳ ಸಾರ್ವಜನಿಕ ಸಂಗ್ರಹಗಳಿಗೆ ವಿನಾಯಿತಿ ದೊರೆಯಿತು. ಸಾಮಾನ್ಯ ಗೃಹಸ್ಥರಿಗೆ ದೊರೆಯಲಿಲ್ಲ.

ಉಚಿತವಾಗಿ ದೊರೆತ ಚಾವಡಿಗೆ ಬಾಗಿಲು ಹಾಕುವ ಹಕ್ಕು ಚಾವಡಿಯ ಒಡೆಯರದೇ. ಜನರು ಅಲ್ಲಿ ತಂದಿರಿಸಿದ ನೆನಪು, ಶ್ರಮ, ಪ್ರೀತಿಗಳಿಗೆ ಆ ವ್ಯವಹಾರದ ಲೆಕ್ಕದಲ್ಲಿ ಸ್ಥಾನವಿಲ್ಲ. ಹಾಗಾದರೆ ಆ 9 ವಾರಗಳ ಶ್ರಮವೆಲ್ಲ ವ್ಯರ್ಥವಾಯಿತೇ? ಖಂಡಿತ ಇಲ್ಲ. ಒಂದು ಸಾಧನವನ್ನು ತಾವಾಗಿಯೇ ಕಲಿತವರು ಅದು ಹೋದಾಗ ಎದೆಗುಂದದೆ ಇನ್ನೊಂದನ್ನು ಕಲಿಯುತ್ತಾರೆ. ಹಗ್ಗ ಹಳತಾಗಿ ಹರಿದರೆ ಬದಲಿಸಬಹುದು. ನೀರು ಸೇದಲು ಬಲ್ಲವರು ಮನೆಯಲ್ಲಿ ಇರಬೇಕಷ್ಟೆ.

ಸಾಧನವು ಯಾವುದಾದರೂ ಗ್ರಂಥಾಲಯದ ಧರ್ಮವು ಬದಲಾಗದೆಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟವರು ನಮ್ಮ ದೇಶದವರೇ ಆದ ಡಾ. ಎಸ್. ಆರ್. ರಂಗನಾಥನ್ ಎಂಬುದು ಅಭಿಮಾನದ ಸಂಗತಿ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಗ್ರಂಥಾಲಯ ಶಾಸ್ತ್ರದ ಪಂಚ ಸೂತ್ರಗಳನ್ನು ಪ್ರತಿಪಾದಿಸುವ ಅವರ ಕೃತಿ 1931ರಲ್ಲಿ ಪ್ರಕಟವಾಯಿತು. ಪುಸ್ತಕವಿರುವುದು ಬಳಸುವುದಕ್ಕೆ, ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕು, ಓದುಗನ ಕಾಲ ವ್ಯರ್ಥವಾಗಬಾರದು, ಗ್ರಂಥಾಲಯವು ಸದಾ ಬೆಳೆಯುತ್ತಿರುವ ಜೀವಿ ಎಂಬುದು ಅವುಗಳ ತಾತ್ಪರ್ಯ. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್ಗುಡಿಯಿಂದ ಎತ್ತಿನ ಗಾಡಿಯ ಗ್ರಂಥಾಲಯವೊಂದು ಹಳ್ಳಿಗಳಿಗೆ ಹೊರಟಿತು. ಅಂದಿನ ಹೊಸ ಸಾಧನ ಎತ್ತಿನ ಗಾಡಿ, ಇಂದಿನದು ಅಂತರಜಾಲ. ಓದುಗನ ಬಳಿಗೆ ಅರಿವು ತಾನೇ ನಡೆದು ಹೋಗಬೇಕೆಂಬ ಆಶಯ ಎರಡರಲ್ಲಿಯೂ ಒಂದೇ. ರಂಗನಾಥನ್ ಅವರು ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಅಲ್ಲಿ ಅವರು ಸ್ಥಾಪಿಸಿದ ದಾಖಲೆ ಸಂಶೋಧನ ಮತ್ತು ತರಬೇತಿ ಕೇಂದ್ರವು ಗ್ರಂಥಪಾಲಕರ ಹಲವು ಪೀಳಿಗೆಗಳನ್ನು ತಯಾರು ಮಾಡಿತು. 1965ರ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆಯೂ ಅವರ ಚಿಂತನೆಯಿತ್ತು.

ಅಳಿದುಹೋಗುವ ಪುಟಗಳನ್ನು ಉಳಿಸುವ ಕೆಲಸವನ್ನೂ ಗ್ರಂಥಾಲಯದ ಮನೋಧರ್ಮದವರೇ ಕೈಗೊಂಡರು. ಬ್ರೂಸ್ಟರ್ ಕೇಲ್ ಎಂಬುವರು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ‘ಇಂಟರ್‌ನೆಟ್ ಆರ್ಕೈವ್’ ಜಾಲದ ಪುಟಗಳ ಪ್ರತಿಗಳನ್ನು ತೆಗೆದಿರಿಸುತ್ತ ಬಂದು, 2001ರಿಂದ ಅವುಗಳನ್ನು ಎಲ್ಲರೂ ನೋಡುವಂತೆ ಮಾಡಿತು. ಕನ್ನಡದ ಎಷ್ಟೋ ಹಳೆಯ ಪುಸ್ತಕಗಳ ಛಾಯಾಪ್ರತಿಗಳೂ ಅಲ್ಲಿ ಸೇರಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಸಂಬಳ ಪಡೆಯದ ಉತ್ಸಾಹಿಗಳು ಬೆಳೆಸಿದರು. ಬೇಕಾದ ಪದವನ್ನು ಕೊಟ್ಟು ವಚನಗಳನ್ನು ಹುಡುಕಲು ಅನುವಾಗುವ ‘ವಚನ ಸಂಚಯ’ವೂ ಅಂಥವರ ಶ್ರಮದ ಫಲ. ಇವೆಲ್ಲವೂ ಜ್ಞಾನದಾಸೋಹವೇ ಅಲ್ಲವೇ?

ಇದರಿಂದ ನಮ್ಮ ಮನೆಗಳು ಕಲಿಯಬೇಕಾದುದೇನು? ಮೊದಲನೆಯದಾಗಿ, ಕಲಿಕೆಯನ್ನು ಸಣ್ಣ ತುತ್ತುಗಳನ್ನಾಗಿ ಮಾಡಿಕೊಳ್ಳಬೇಕು. ಫೋನನ್ನು ಕಂಡರೆ ದೂರ ಸರಿಯುವ ಅಜ್ಜಿಗೆ ಮೊಮ್ಮಗಳು ವಾರಕ್ಕೆ ಒಂದೇ ಒಂದು ಸಂಗತಿಯನ್ನು ಹೇಳಿಕೊಡಲಿ. ಒಂದು ವಾರ ಕನ್ನಡದಲ್ಲಿ ಬರೆಯುವುದು, ಮತ್ತೊಂದು ವಾರ ಹಳೆಯ ಪುಸ್ತಕವನ್ನು ಹುಡುಕಿ ತೆರೆಯುವುದು. ಕಲಿಸುವ ಮೊಮ್ಮಗಳು ಅವಸರಪಡದಿರಲಿ, ಕಲಿಯುವ ಅಜ್ಜಿ ಸಂಕೋಚಪಡದಿರಲಿ.

ಎರಡನೆಯದಾಗಿ, ಬಂದ ಮಾತನ್ನು ಪರಿಶೀಲಿಸದೆ ಮುಂದಕ್ಕೆ ಕಳುಹಿಸಬಾರದು. ಔಷಧದ ಬಗ್ಗೆ, ಪರೀಕ್ಷೆಯ ಬಗ್ಗೆ, ಯಾರದೋ ಸಾವಿನ ಬಗ್ಗೆ ದಿನವೂ ಎಷ್ಟೊಂದು ಸಂದೇಶಗಳು ಮನೆಮನೆಗೂ ಬಂದು ಬೀಳುತ್ತವೆ! ಇದನ್ನು ಹೇಳಿದವರು ಯಾರು, ಆಧಾರವೇನು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವವರೆಗೆ ಬೆರಳನ್ನು ತಡೆದಿಟ್ಟರೆ ಪ್ರತಿ ಗೃಹಿಣಿಯೂ ಪ್ರತಿ ವಿದ್ಯಾರ್ಥಿಯೂ ತಮ್ಮ ಮನೆಯ ಗ್ರಂಥಪಾಲಕರಾದಂತೆಯೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಹೆಸರಿಲ್ಲದ ಮುಖಗಳಿವೆ. ಅಜ್ಜನ ಮದುವೆಯ ಚಿತ್ರದಲ್ಲಿ ಬಲಗಡೆ ನಿಂತ ಪೇಟದವರು ಯಾರು, ಆ ಮಗುವನ್ನು ಎತ್ತಿಕೊಂಡ ಮಹಿಳೆ ಯಾವ ಊರಿನವರು ಎಂಬುದನ್ನು ಹೇಳಬಲ್ಲವರು ಹಲವು ಮನೆಗಳಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರ ನಂತರ ಆ ಮುಖಗಳನ್ನು ಗುರುತಿಸಲು ಜಗತ್ತಿನ ಯಾವ ಸಾಧನಕ್ಕೂ ಆಧಾರ ದೊರೆಯದು. ಈಗಿನ ಚಿತ್ರಗಳೋ ಸಾವಿರಗಟ್ಟಲೆಯಾಗಿ ಯಾವುದೋ ಕಂಪನಿಯ ಯಂತ್ರದಲ್ಲಿ ಶೇಖರವಾಗಿವೆ. ಅದು ಮುಚ್ಚಿದರೆ ನಮ್ಮ ಬಳಿ ಏನುಳಿಯುವುದೆಂದು ಯೋಚಿಸಿದವರು ವಿರಳ. ಆದುದರಿಂದ ಮುಖ್ಯವಾದ ಚಿತ್ರ, ಪತ್ರ, ದಾಖಲೆಗಳ ಪ್ರತಿಗಳನ್ನು ಎರಡು ಮೂರು ಕಡೆ ಇರಿಸಬೇಕು. ಕೆಲವನ್ನಾದರೂ ಕಾಗದದ ಮೇಲೆ ಮುದ್ರಿಸಿಕೊಳ್ಳಬೇಕು. ಪ್ರತಿಯೊಂದರ ಜೊತೆಗೆ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು. ಬಂಧುಬಳಗದವರಿಗೂ ಒಂದೊಂದು ಪ್ರತಿಯನ್ನು ಕೊಡಬೇಕು. ಹತ್ತು ಮನೆಗಳಲ್ಲಿ ಇರುವ ವಸ್ತುವು ಒಂದು ಮನೆಯಲ್ಲಿ ಕಳೆದರೂ ಒಂಬತ್ತು ಮನೆಗಳಲ್ಲಿ ಉಳಿದಿರುತ್ತದೆ.

ಇದಕ್ಕೆ ಹಣ ಬೇಕಿಲ್ಲ, ಪದವಿ ಬೇಕಿಲ್ಲ. ಬರುವ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಳೆಯ ಚಿತ್ರಗಳ ಕಟ್ಟನ್ನು ಹೊರತೆಗೆದು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳುತ್ತ ಹೋಗಲಿ, ಮಕ್ಕಳು ಬರೆಯುತ್ತ ಹೋಗಲಿ. ಮೊದಲ ದಿನ ಒಂದೇ ಚಿತ್ರಕ್ಕೆ ಹೆಸರು ಬರೆದರೂ ಸಾಕು.